ಶಾಸಕರ ದನಿ

ನೀರು ಕೇಳಲು ಬಂದ ಹೆಂಗಸರನ್ನು ಶಾಸಕರು ಬಾಯಿಗೆ ಬಂದಂತೆ ಬೈದರು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಊರೆಲ್ಲ ನೋಡಿತು. ಎದುರಿಗೇ ಚುನಾವಣೆ. ಆಟೊಗೆ ಮೈಕ್ ಕಟ್ಟಿ ಪ್ರಚಾರ ಮಾಡುವ ಫಕೀರಪ್ಪನನ್ನು ಶಾಸಕರು ಕರೆಸಿದರು.

"ಆ ವಿಡಿಯೊದಾಗಿನ ದನಿ ನಂದಲ್ಲ, ಕಂಪ್ಯೂಟರ್‌ದು ಅಂತ ಓಣಿ ಓಣಿ ಒದರು. ಇಲ್ಲಂದ್ರ ನಿನ್ನ ಆಟೊ ಈ ಊರಾಗ ಓಡಂಗಿಲ್ಲ."

ಬೈಸಿಕೊಂಡವರಲ್ಲಿ ಫಕೀರಪ್ಪನ ಹೆಂಡತಿಯೂ ಇದ್ದಳು. "ಆತ್ರೀ ಸಾಹೇಬ್ರ," ಎಂದ.

ಮರುದಿನ ಆಟೊ ಓಣಿ ಹೊಕ್ಕಿತು. "ಮಹಾಜನರೇ, ಶಾಸಕರ ದನಿಯನ್ನು ಕಂಪ್ಯೂಟರ್ ಕದ್ದಿದೆ. ಇನ್ನು ಮೇಲೆ ಆ ದನಿ ಏನು ಹೇಳಿದರೂ ನಂಬಬೇಡಿ. ಇದು ಶಾಸಕರದೇ ಅಪ್ಪಣೆ."

ಶಾಸಕರು ಓಡಿಬಂದು ಮೈಕ್ ಕಸಿದುಕೊಂಡರು. "ನಾನು ಖುದ್ದ ಹೇಳ್ತೀನಿ, ಈ ಸಲ ಗೆದ್ರ ಮನಿ ಮನಿಗೆ ನೀರು."

ಒಣ ನಳದ ಮುಂದೆ ಕೊಡ ಇಟ್ಟುಕೊಂಡು ಕೂತಿದ್ದ ಮುದುಕಿ ನೀಲವ್ವ ತಲೆಯನ್ನೂ ಎತ್ತಲಿಲ್ಲ.

"ಏ ಫಕೀರಾ, ಆ ಕಂಪ್ಯೂಟರ್ ಬಂದ್ ಮಾಡೋ."