ಕೆಂಚನ ಕಾಲಡಿ ಲೆಕ್ಕ

ಒಂದೂರು. ಆ ಊರಿಗೊಬ್ಬ ಬಡಗಿ ಇದ್ದ, ಸತ್ತ. ಅವನು ಬಿಟ್ಟುಹೋದದ್ದು ಹೆಂಡತಿ ಕಾಳಮ್ಮನನ್ನು, ಮಗ ಕೆಂಚನನ್ನು, ಒಂದು ಹತಾರದ ಪೆಟ್ಟಿಗೆಯನ್ನು. ಮಗನಿಗಿಂತ ಪೆಟ್ಟಿಗೆಗೇ ಬುದ್ಧಿ ಹೆಚ್ಚು ಎಂದು ಊರವರು ಆಡಿಕೊಳ್ಳುತ್ತಿದ್ದರು.

ಕೆಂಚ ಸೋಮಾರಿಯಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಕಾಳಮ್ಮನ ಗೋಳು.

ಒಂದು ದಿನ ಕಾಳಮ್ಮನ ಅಣ್ಣ ವೀರಾಚಾರಿ ಬಂದ. ಅವನೂ ಬಡಗಿಯೇ. ಆಳು ಕುಳ್ಳ, ಆಸೆ ಉದ್ದ. ಬಂದವನೇ ಪೆಟ್ಟಿಗೆ ತೆರೆದ. ಉಳಿ ಮುಟ್ಟಿದ, ಬಾಚಿ ಸವರಿದ, ಗರಗಸದ ಹಲ್ಲು ನೋಡಿದ.

"ಕಾಳವ್ವ, ಇದೆಲ್ಲ ನಿನ್ನ ಮಗನ ಕೈಲಿ ತುಕ್ಕು ಹಿಡಿಯುತ್ತೆ. ನಾನು ತಗೊಂಡು ಹೋಗ್ತೀನಿ."

"ಬೇಡ ಕಣಣ್ಣ. ಅದು ಅವರಪ್ಪನ ಕೈಯಲ್ಲಿ ಸವೆದ ಹತಾರ. ಅದು ಹೋದರೆ ಇದನ್ನ ಬಡಗಿ ಮನೆ ಅನ್ನೋರು ಯಾರು?"

"ಹಾಗಾದರೆ ನಿನ್ನ ಮಗ ಒಂದು ಕೆಲಸ ಮಾಡಿ ತೋರಿಸಲಿ. ಸಾಮಾನು ಕೆಡಿಸದೆ, ಒಂದೇ ಒಂದು ಕೆಲಸ. ಮಾಡಿದರೆ ಪೆಟ್ಟಿಗೆ ನಿಮ್ಮದು. ಇಲ್ಲ, ಶುಕ್ರವಾರದ ಬಸ್ಸಿಗೆ ನಾನೂ ಹೊರಟೆ, ಪೆಟ್ಟಿಗೆಯೂ ಹೊರಟಿತು."

ಅಣ್ಣನ ಮಾತು. ಕಾಳಮ್ಮ ಒಪ್ಪಿದಳು.

ಮೊದಲು ಕರೆದವರು ಶೇಷಪ್ಪ ಮೇಷ್ಟ್ರು. "ತಾತನ ಕಾಲದ ಮೇಜು ಕಣೋ ಕೆಂಚ. ಬರೆಯೋಕೆ ಎತ್ತರ, ಭುಜ ನೋಯುತ್ತೆ. ಕಾಲು ಅಡಿ ತೆಗೆದುಬಿಡು. ಅಂದ ಮಾತ್ರ ಕೆಡಬಾರದು."

ಕಾಲು ಅಡಿ ಎಂದರೆ ಮೂರು ಇಂಚು. ನಿಮಗೆ ಗೊತ್ತು, ನನಗೆ ಗೊತ್ತು. ಕೆಂಚನಿಗೆ ಕಾಲು ಎಂದರೆ ಕಾಲು, ಅಡಿ ಎಂದರೆ ಅಡಿ. ಮೇಜಿನ ಅಡಿಗೆ ನುಗ್ಗಿದ, ಒಂದು ಕಾಲು ತೆಗೆದ. ಮೇಜು ಮಗುಚಿತು. ಶಾಯಿಯೆಲ್ಲ ಮೇಷ್ಟ್ರ ಪಂಚೆಯ ಮೇಲೆ.

ಕೆಂಚ ಆ ಕಾಲನ್ನು ಹೆಗಲಿಗೇರಿಸಿ ಓಡಿ ಬಂದ. "ಅವ್ವ, ಕಾಲು ತೆಗೆದೆ. ಅಡಿಯಿಂದಲೇ ತೆಗೆದೆ. ಮಿಕ್ಕ ಮೂರನ್ನು ಮುಟ್ಟಿಲ್ಲ, ಅಂದ ಹಾಗೇ ಇದೆ."

ವೀರಾಚಾರಿ ಗೋಡೆಗೆ ಒರಗಿ ನಕ್ಕ. ಕಾಳಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ. ಹಳೇ ಸಾಮಾನಿಗೆ ಗರಗಸ ಹಾಕ್ತಾರೇನೋ? ಇನ್ನು ಕೊಯ್ಯಲೇಬೇಡ. ಕೂರೋದರ ಅಡಿಗೆ ಮರದ ತುಂಡು ಕೊಡು, ಸಾಮಾನಿನ ಬಣ್ಣದ್ದೇ ಕೊಡು, ಕಂಡೂ ಕಾಣದ ಹಾಗೆ ಕೊಡು."

"ಹೂಂ ಕಣವ್ವ. ಕೊಯ್ಯಲ್ಲ. ಅಡಿಗೆ ತುಂಡು ಕೊಡ್ತೀನಿ."

ಮಾರನೆಯ ದಿನ ಹೊನ್ನಜ್ಜಿ ಕರೆದಳು. ಅವಳದು ಅತ್ತೆ ಕಾಲದ ತೇಗದ ಮಂಚ. "ಮಗಾ, ಮಂಚ ಎತ್ತರ ಆಯ್ತು, ಹತ್ತೋಕಾಗಲ್ಲ. ಏನಾದರೂ ಮಾಡು."

ಕೆಂಚ ಮಾಡಿದ. ಕೊಯ್ಯಲಿಲ್ಲ. ತೇಗದ ತುಂಡು ತಂದ, ಬಣ್ಣ ಹೊಂದಿಸಿದ, ಮಂಚದ ನಾಲ್ಕು ಕಾಲಿನ ಅಡಿಗೂ ಕೊಟ್ಟ. ಮಂಚ ಇನ್ನೂ ಎತ್ತರವಾಯಿತು. ಅಜ್ಜಿಯನ್ನು ಎತ್ತಿ ಮೇಲೆ ಕೂರಿಸಿ ಮನೆಗೆ ಬಂದ.

ಅವನ ಹಿಂದೆಯೇ ಅಜ್ಜಿಯ ಕೂಗೂ ಬಂತು. "ಯಾರಾದರೂ ಇಳಿಸ್ರಪ್ಪೋ. ಜಂತಿ ತಲೆಗೆ ತಾಗ್ತಿದೆ."

ಕಾಳಮ್ಮ ಓಡಿಹೋಗಿ ಅಜ್ಜಿಯನ್ನು ಇಳಿಸಿದಳು. ಮನೆಗೆ ಬಂದು ಮಗನ ಕಿವಿ ಹಿಡಿದಳು. "ಒಬ್ಬರನ್ನು ಹತ್ತಿಸಿದ ಮೇಲೆ ಅವರು ಇಳಿಯೋದು ಹೇಗೆ ಅಂತಾನೂ ನೋಡಬೇಕು ಕಣೋ. ತುಂಡನ್ನ ಮಂಚಕ್ಕಲ್ಲ, ಹತ್ತೋರ ಕಾಲಡಿಗೆ ಕೊಡಬೇಕು."

"ಹೂಂ ಕಣವ್ವ. ಇಳಿಯೋದನ್ನೂ ನೋಡ್ತೀನಿ. ಅವರ ಕಾಲಡಿಗೇ ಕೊಡ್ತೀನಿ."

"ನಾಳೆ ಒಂದು ದಿನ ಉಳೀತು ಕಾಳವ್ವ," ಎಂದ ವೀರಾಚಾರಿ. ಪೆಟ್ಟಿಗೆ ಕಟ್ಟಲು ಹಗ್ಗ ಹೊಸೆಯುತ್ತಿದ್ದ.

ಗುರುವಾರ ಪಟೇಲ ಮರೀಗೌಡರು ಕರೆಸಿದರು. ಅವರ ಮನೆಯದು ಬೀಟೆಮರದ ಕುರ್ಚಿ, ಕೈಗೆಲ್ಲ ಹೂವಿನ ಕೆತ್ತನೆ. "ಕೂತರೆ ಕಾಲು ನೆಲ ಮುಟ್ಟಲ್ಲ, ಜೋತು ಬಿದ್ದು ಜೋಮು ಹಿಡಿಯುತ್ತೆ. ಸರಿ ಮಾಡು. ಕುರ್ಚಿಗೆ ಒಂದು ಗೀರು ಬಿದ್ದರೂ ನಿನ್ನ ಬೆನ್ನಿಗೆ ಎರಡು ಬೀಳುತ್ತೆ." ಹೇಳಿ, ಕೂತಲ್ಲೇ ನಿದ್ದೆ ಹೋದರು.

ಕೆಂಚ ಕುರ್ಚಿ ಮುಟ್ಟಲಿಲ್ಲ. ಬೀಟೆಯ ತುಂಡು ತಂದು ಹೊಳಪು ಬರುವಂತೆ ಉಜ್ಜಿದ. ಗೌಡರ ಕಾಲಿನ ಜೋಡು ಬಿಚ್ಚಿ, ಅದರ ಅಡಿಗೆ ತುಂಡಿಟ್ಟು ಮೊಳೆ ಹೊಡೆದ, ಮತ್ತೆ ಕಾಲಿಗೆ ತೊಡಿಸಿದ. ಜೋತಾಡುತ್ತಿದ್ದ ಕಾಲು ನೆಲ ಮುಟ್ಟಿತು. ಕೆಂಚನಿಗೆ ಖುಷಿಯೋ ಖುಷಿ.

ಗೌಡರು ಎದ್ದರು. ಎದ್ದವರು ಎದ್ದೇ ಎದ್ದರು. ನಡೆದರು. ಬಾಗಿಲ ಮೇಲಿನ ತೊಲೆಗೆ ಹಣೆ ಧಡ್ ಎಂದಿತು.

ಸುದ್ದಿ ಕೇಳಿ ಕಾಳಮ್ಮ ಅಳುತ್ತಾ ಬಂದಳು. ಗೌಡರು ಒಳಗೆ ಹಣೆಗೆ ಅರಿಸಿನ ಮೆತ್ತಿಸಿಕೊಳ್ಳುತ್ತಿದ್ದರು. "ಪಾಪಿ, ಮನುಷ್ಯರಿಗೆ ಮೊಳೆ ಹೊಡೀತಾರೇನೋ? ನೆಲ ಮೇಲೆ ಬರಬೇಕು, ಇಲ್ಲ ಕುರ್ಚಿ ಕೆಳಗೆ ಹೋಗಬೇಕು. ಇಷ್ಟು ತಿಳಿಯಲ್ವಾ? ನಾಳೆ ನಿಮ್ಮಪ್ಪನ ಹತಾರ ಹೋಗುತ್ತಲ್ಲೋ."

"ಕುರ್ಚಿ ಕೆಳಗೆ ಹೋಗಬೇಕು. ಹೂಂ ಕಣವ್ವ."

ಕೆಂಚ ಹಾರೆ ತಂದ. ಕಾಳಮ್ಮ ತಡೆಯುವಷ್ಟರಲ್ಲಿ ಸಗಣಿ ಸಾರಿಸಿದ ನೆಲಕ್ಕೆ ದಬದಬ ಬಿತ್ತು. ನಾಲ್ಕು ಕುಳಿ ತೋಡಿದ, ಕುರ್ಚಿಯ ನಾಲ್ಕು ಕಾಲು ಇಳಿಬಿಟ್ಟ, ಮಣ್ಣು ತುಂಬಿ ತುಳಿದ.

ಗೌಡರು ಹೊರಗೆ ಬಂದರು. ನೆಲ ನೋಡಿದರು. ಕೋಲಿಗೆ ಕೈ ಹಾಕಿದರು. ಹಣೆ ನೋವಿಗೆ ತಲೆ ಸುತ್ತಿತು, ಧೊಪ್ಪನೆ ಕುರ್ಚಿಯಲ್ಲಿ ಕೂತರು.

ಕಾಲು ನೆಲ ಮುಟ್ಟಿತು.

ಗೌಡರು ಹಿಮ್ಮಡಿ ಒತ್ತಿದರು. ಬೆರಳು ಊರಿದರು. ಮುಖ ಅರಳಿತು. "ಅಲೆಲೆ. ಅಪ್ಪಯ್ಯನ ಕುರ್ಚಿಗೆ ಒಂದು ಗೀರಿಲ್ಲ. ಇನ್ನು ಅಕ್ಕಪಕ್ಕದವರು ಮದುವೆ ಮುಂಜಿ ಅಂತ ಎರವಲು ಒಯ್ಯೋದೂ ತಪ್ಪಿತು."

ವೀರಾಚಾರಿ ಬಂದು ಸುತ್ತ ನೋಡಿದ, ಬಗ್ಗಿ ನೋಡಿದ, ಬೆರಳಾಡಿಸಿ ನೋಡಿದ. ಗೀರು ಸಿಗಲಿಲ್ಲ.

"ಆಯ್ತು," ಎಂದ. "ಪೆಟ್ಟಿಗೆ ನಿಮ್ಮದೇ."

ಕಾಳಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶುಕ್ರವಾರ ಬೆಳಗ್ಗೆ ಅಣ್ಣನಿಗೆ ಹೋಳಿಗೆ ಬಡಿಸಿದಳು. ಮಗನ ತಲೆ ನೇವರಿಸಿದಳು. "ಇನ್ನು ಇದು ನಿನ್ನ ಪೆಟ್ಟಿಗೆ ಕಣೋ. ಇದನ್ನ ಬಿಟ್ಟು ಎಲ್ಲೂ ಹೋಗಬೇಡ. ಮಾವನನ್ನ ಬಸ್ಸು ಹತ್ತಿಸಿ ಬಾ." ಹೇಳಿ ಹಿತ್ತಲಿಗೆ ಪಾತ್ರೆ ಬೆಳಗಲು ಹೋದಳು.

ಕೆಂಚ ಹೋದ. ಹತ್ತಿಸಿದ. ಬಂದ. ಕೈಬೀಸಿಕೊಂಡು ಬಂದ.

ಕಾಳಮ್ಮ ಒಳಗೆ ನೋಡಿದಳು. ಮೂಲೆ ಖಾಲಿ.

"ಪೆಟ್ಟಿಗೆ ಎಲ್ಲೋ?"

"ಬಿಟ್ಟು ಹೋಗಬೇಡ ಅಂದೆಯಲ್ಲವ್ವ. ತಲೆ ಮೇಲೆ ಹೊತ್ತುಕೊಂಡೇ ಹೋದೆ."

"ಆಮೇಲೆ?"

"ಬಸ್ಸಿನ ಮೆಟ್ಟಿಲು ಎತ್ತರ, ಮಾವ ಕುಳ್ಳ. ಬಸ್ಸನ್ನ ಕೊಯ್ಯಲಿಲ್ಲ. ಮಾವನಿಗೆ ಮೊಳೆ ಹೊಡೀಲಿಲ್ಲ. ಕುಳಿ ತೋಡೋಣ ಅಂದರೆ ಡ್ರೈವರು ಬೈದ. ಅದಕ್ಕೆ ಪೆಟ್ಟಿಗೆ ತೆಗೆದು ಮಾವನ ಕಾಲಡಿಗೆ ಕೊಟ್ಟೆ. ಆರಾಮಾಗಿ ಹತ್ತಿದರು."

"ಹತ್ತಿದರಲ್ಲ, ಪೆಟ್ಟಿಗೆ ಯಾಕೋ ತರಲಿಲ್ಲ?"

ಕೆಂಚ ಅವ್ವನ ಮುಖ ನೋಡಿದ. ಇಷ್ಟೂ ತಿಳಿಯದೆ ಎಂಬಂತೆ ನೋಡಿದ.

"ಮಾವ ಊರಲ್ಲಿ ಇಳಿಯೋದು ಬೇಡವಾ? ಬಸ್ಸಿನೊಳಗೆ ಹಾಕಿ ಕಳಿಸಿದೆ."

ಈಗ ಪೆಟ್ಟಿಗೆ ಮಾವನ ಊರಲ್ಲಿದೆ, ಕಾಳಮ್ಮ ಬಸ್ಸಿನ ದಾರಿ ಕಾಯುತ್ತಿದ್ದಾಳೆ, ನೀವು ಮನೆಗೆ ಹೋಗಿ.