ಬೀಜದ ಕೋಣೆಯಲ್ಲಿ ಸ್ವಂತ ರಾಗಿ

“ಒಬ್ಬ ವಕೀಲ ಕಕ್ಷಿದಾರನ ಹಣವನ್ನು ಸ್ವಲ್ಪ ದಿನದ ಮಟ್ಟಿಗೆ ಬಳಸಿಕೊಂಡು, ಅವನು ಕೇಳುವ ಮೊದಲೇ ಅಷ್ಟಕ್ಕೆ ಅಷ್ಟನ್ನೂ ತಿರುಗಿ ಇಟ್ಟುಬಿಟ್ಟರೆ ತಪ್ಪೇನಿದೆ ಗುರುಗಳೇ?”

ಕೇಳಿದವನು ಯತೀಶ. ಕರಿಕೋಟು ಹಾಕಿ ಇನ್ನೂ ಹೆಚ್ಚು ಕಾಲವಾಗದ ವಕೀಲ. ಕೇಳಿದ್ದು ರುದ್ರಾರಾಧ್ಯರನ್ನು. ಅವರು ತುಮಕೂರು ಕಡೆಯ ಹಳೆಯ ವಕೀಲರು. ಕೋರ್ಟಿಗೆ ಹೋಗುವುದನ್ನು ಬಿಟ್ಟ ಮೇಲೆ ಕಿರಿಯ ವಕೀಲರಿಗೆ ವೃತ್ತಿಧರ್ಮದ ಪಾಠವನ್ನು ಆನ್‌ಲೈನ್‌ನಲ್ಲಿ ಹೇಳುತ್ತಿದ್ದರು. ಕಕ್ಷಿದಾರರ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕು, ಅದರ ಲೆಕ್ಕ ತನ್ನ ಲೆಕ್ಕದೊಂದಿಗೆ ಬೆರೆಯಬಾರದು ಎಂಬುದು ಆ ಸಂಜೆಯ ಪಾಠ. ಕೇಳುವವರೋ, ದೇವರೇ ಗತಿ. ಒಬ್ಬರು ಒಗೆದ ಬಟ್ಟೆ ಮಡಚುತ್ತಿದ್ದರು. ಇನ್ನೊಬ್ಬರು ಹಾಜರಿ ಬಿದ್ದರೆ ಸಾಕೆಂದು ಕ್ಯಾಮೆರಾದ ಮುಂದೆ ಕುರ್ಚಿಯನ್ನಷ್ಟೇ ಬಿಟ್ಟು ಎದ್ದುಹೋಗಿದ್ದರು. ಯತೀಶ ಕ್ಯಾಮೆರಾವನ್ನೇ ಆಫ್ ಮಾಡಿದ್ದ.

ಆಫ್ ಮಾಡಿದ್ದಕ್ಕೆ ಕಾರಣವಿತ್ತು. ಕೋರ್ಟಿನ ಎದುರಿಗೇ ಕಚೇರಿಗೆಂದು ಒಂದು ಕೋಣೆ ಬಾಡಿಗೆಗೆ ಸಿಗುವುದರಲ್ಲಿತ್ತು. ನಾಳೆ ಮುಂಗಡ ಕೊಡದಿದ್ದರೆ ಅದು ಬೇರೆಯವರ ಪಾಲು. ಅವನ ಸ್ವಂತ ದುಡ್ಡು ಸಾಲದು. ಆದರೆ ಅವನ ಖಾತೆಯಲ್ಲೇ ಅವನ ಕಕ್ಷಿದಾರಳಾದ ದ್ಯಾವಮ್ಮನ ಹಣವಿತ್ತು. ತಮ್ಮನ ಪಾಲಿನ ಜಮೀನನ್ನು ತಾನೇ ಕೊಳ್ಳುತ್ತಿದ್ದ ಆಕೆ, ನೋಂದಣಿಯ ದಿನ ತಮ್ಮನ ಕೈಗೆ ಕೊಡಬೇಕಾದ ಹಣವನ್ನು ‘ನನ್ ತಾವ ಇದ್ರೆ ಖರ್ಚಾಗೋಯ್ತದೆ, ನಿಮ್ ತಾವ್ಲೇ ಇರ್ಲಿ ಸಾಮಿ’ ಎಂದು ಯತೀಶನಲ್ಲಿ ಇಟ್ಟುಹೋಗಿದ್ದಳು. ನೋಂದಣಿ ಇನ್ನೂ ದೂರವಿತ್ತು. ಮುಂಗಡದ ಮೊತ್ತವನ್ನು ಒತ್ತಿ, ಕಳುಹಿಸುವ ಗುಂಡಿಯೊಂದನ್ನು ಮಾತ್ರ ಬಾಕಿ ಇಟ್ಟುಕೊಂಡು ಅವನು ಫೋನನ್ನು ಕೈಯಲ್ಲಿ ಹಿಡಿದಿದ್ದ. ಗುರುಗಳು ‘ಪರವಾಗಿಲ್ಲ’ ಎಂದುಬಿಟ್ಟರೆ ಮನಸ್ಸು ಹಗುರವಾಗುತ್ತಿತ್ತು.

ರುದ್ರಾರಾಧ್ಯರು ಕನ್ನಡಕ ತೆಗೆದು ಒರೆಸಿದರು. “ನಿಯಮ ಹೇಳಿದರೆ ಬರೆದುಕೊಳ್ಳುತ್ತೀರಿ, ಬರೆದುಕೊಂಡದ್ದನ್ನು ಮರೆಯುತ್ತೀರಿ. ಕತೆ ಹೇಳುತ್ತೇನೆ, ಕೇಳಿ” ಎಂದು ಶುರುಮಾಡಿದರು.

ಒಂದು ಊರು. ಅಲ್ಲಿ ಒಬ್ಬ ರೈತ. ಅವನ ಮನೆ ದಿಬ್ಬದ ಮೇಲಿತ್ತು. ನೆಲ ತೇವ ಹಿಡಿಯುತ್ತಿರಲಿಲ್ಲ. ಹಾಗಾಗಿ ಊರಿನವರೆಲ್ಲ ಸುಗ್ಗಿ ಮುಗಿದ ಮೇಲೆ ತಮ್ಮ ತಮ್ಮ ಬಿತ್ತನೆ ರಾಗಿಯನ್ನು ಮಡಕೆಗೆ ತುಂಬಿ, ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿ ಅವನ ಮನೆಯ ಒಂದು ಕೋಣೆಯಲ್ಲಿ ಇಡುತ್ತಿದ್ದರು. ಮನೆಯಲ್ಲೇ ಇಟ್ಟುಕೊಂಡರೆ ಹಸಿವಾದ ದಿನ ಕೈ ಅದಕ್ಕೇ ಹೋಗುತ್ತದೆ, ಅದಕ್ಕೆ. ಕಾದದ್ದಕ್ಕೆ ಪ್ರತಿ ಮನೆಯಿಂದಲೂ ರೈತನಿಗೆ ಒಂದಿಷ್ಟು ರಾಗಿ ಸಲ್ಲುತ್ತಿತ್ತು. ಅವನು ಒಳ್ಳೆಯವನೇ. ಇಲಿಯನ್ನು ಹತ್ತಿರ ಸುಳಿಯಗೊಟ್ಟವನಲ್ಲ. ಮಾಡಿದ್ದ ತಪ್ಪು ಒಂದೇ: ಉಣ್ಣುವ ತನ್ನ ರಾಗಿಯ ಮಡಕೆಗಳನ್ನೂ ಅದೇ ಕೋಣೆಯಲ್ಲಿ, ಅದೇ ಸಾಲಿನಲ್ಲಿ ಇಟ್ಟಿದ್ದ. ಒಂದು ಬಾಗಿಲು, ಒಂದು ಬೀಗ, ಸಲೀಸು ಎಂದುಕೊಂಡಿದ್ದ.

ಒಂದು ವರ್ಷ ಮಗಳ ಮದುವೆ ಕೂಡಿಬಂತು. ಬೀಗರ ಕಡೆಯವರು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಒಲೆಯ ಮೇಲೆ ಎಸರು ಮರಳುತ್ತಿದೆ, ಹಿಟ್ಟು ಸಾಲದು. ರೈತ ಕೋಣೆಗೆ ಓಡಿದ. ತನ್ನ ಮಡಕೆಗಳ ತಳ ಕಾಣುತ್ತಿತ್ತು. ಪಕ್ಕದಲ್ಲೇ ಒಬ್ಬ ಹೆಂಗಸಿನ ಮಡಕೆ ಇತ್ತು. ಅವಳಿಗೆ ಸ್ವಂತ ಎತ್ತಿರಲಿಲ್ಲ. ಊರಿನವರ ಉಳುಮೆಯೆಲ್ಲ ಮುಗಿದು, ಯಾರಾದರೂ ಎತ್ತು ಕೊಟ್ಟ ಮೇಲೆ ಅವಳ ಬಿತ್ತನೆ. ಎಲ್ಲರಿಗಿಂತ ಕೊನೆಗೆ ಬರುವವಳು, ಅಷ್ಟರಲ್ಲಿ ತುಂಬಿಡಬಹುದು ಎಂದು ರೈತ ಅವಳ ಮಡಕೆಯ ಬಾಯಿ ಒಡೆದು ಅರ್ಧದಷ್ಟು ರಾಗಿ ತೆಗೆದ. ಅನ್ಯಾಯಕ್ಕೆ ಯಾವಾಗಲೂ ನಿಧಾನವಾಗಿ ಬರುವವರ ಮಡಕೆಯೇ ಮೊದಲು ಕಣ್ಣಿಗೆ ಬೀಳುತ್ತದೆ ನೋಡಿ.

ಮದುವೆ ಸಾಂಗವಾಗಿ ನಡೆಯಿತು. ಮಗಳನ್ನು ಕಳಿಸಿಕೊಟ್ಟ ವಾರದಲ್ಲೇ ರೈತ ಬೇರೆ ಊರಿನ ನೆಂಟರಿಂದ ರಾಗಿ ತಂದು ಆ ಮಡಕೆಯನ್ನು ತುಂಬಿದ. ತೆಗೆದದ್ದಕ್ಕಿಂತ ಒಂದು ಬೊಗಸೆ ಹೆಚ್ಚೇ ಹಾಕಿದ. ಬೂದಿ ಬೆರೆಸಿ ಸಗಣಿ ಮೆತ್ತಿ, ನನ್ನಂಥ ಪ್ರಾಮಾಣಿಕ ಯಾರಿದ್ದಾನೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಹೆಂಗಸು ಬಂದಳು, ಮಡಕೆ ಹೊತ್ತುಕೊಂಡು ಹೋದಳು. ಅವಳಿಗೆ ಏನೂ ಗೊತ್ತಾಗಲಿಲ್ಲ. ಕಣ್ಣಿಗೆ ಎರಡೂ ಒಂದೇ ಕೆಂಪು.

ಪೈರು ಎದ್ದಿತು. ಅಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಅವಳ ಹೊಲದಲ್ಲಿ ಒಂದು ಬುಡದ ತೆನೆ ಬಲಿತು ಬಾಗಿದರೆ, ಪಕ್ಕದ ಬುಡ ಇನ್ನೂ ಹಸಿರಾಗಿ ನಿಂತಿತ್ತು. ತಡವಾಗಿ ಬಿತ್ತುವವಳೆಂದು ಅವಳು ಬೇಗ ಬಲಿಯುವ ರಾಗಿಯನ್ನೇ ವರ್ಷ ವರ್ಷವೂ ಆರಿಸಿ ಇಟ್ಟುಕೊಂಡಿದ್ದಳು. ನೆಂಟರ ರಾಗಿ ನಿಧಾನವಾಗಿ ಬಲಿಯುವಂಥದ್ದು. ಈಗ ಕೊಯ್ದರೆ ಹಸಿರೆಲ್ಲ ಜೊಳ್ಳು. ಕಾದರೆ ಬಲಿತದ್ದೆಲ್ಲ ಹಕ್ಕಿಯ ಪಾಲು, ನೆಲದ ಪಾಲು. ಆ ಹೊಲ ಬಿಟ್ಟರೆ ಅವಳಿಗೆ ಬೇರೆ ಅನ್ನವಿರಲಿಲ್ಲ.

ರೈತ ಬದುವಿನ ಮೇಲೆ ನಿಂತು ನೋಡಿದ. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ, “ನಾನು ಮೋಸ ಮಾಡ್ಲಿಲ್ಲ ಕಣಮ್ಮ. ತಗೊಂಡಿದ್ದಕ್ಕಿಂತ ಒಂದು ಬೊಗಸೆ ಜಾಸ್ತೀನೇ ಹಾಕಿದ್ದೆ” ಎಂದ.

ಹೆಂಗಸು ಕೂಗಾಡಲಿಲ್ಲ. “ಹಾಕಿದ್ದು ಸರಿ ಕಣಣ್ಣ. ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತು. ಅದನ್ನ ಹಿಟ್ಟು ಮಾಡ್ಕೊಂಡು ಉಂಡು, ಬೀಜಾನ ಬೇರೆ ಕಡೆ ಕಾಡಿ ಬೇಡಿ ತರ್ತಿದ್ದೆ” ಎಂದಳು.

ರೈತನಿಗೆ ಆ ಒಂದು ಬೊಗಸೆ ತನ್ನ ತಲೆಯ ಮೇಲೆ ಸುರಿದಂತಾಯಿತು. ಮನೆಗೆ ಹೋದವನು ಕುಡುಗೋಲು ಹಿಡಿದು ತಿರುಗಿ ಬಂದ. ಅಂದಿನಿಂದ ದಿನವೂ ಬೆಳಗ್ಗೆ ಅವಳ ಹೊಲಕ್ಕೆ ಇಳಿದು, ಅಂದು ಬಲಿತ ತೆನೆಗಳನ್ನು ಒಂದೊಂದಾಗಿ ಕೊಯ್ದು ಅವಳ ಅಂಗಳಕ್ಕೆ ಹಾಕಿದ. ತನ್ನ ಹೊಲದ ಕೊಯ್ಲು ತಡವಾಯಿತು. ಹೆಂಡತಿ ಮೂಗು ಮುರಿದಳು. ಅವನು ಬಿಡಲಿಲ್ಲ. ಮಳೆ ಮುಗಿದು, ಹಸಿರಾಗಿ ಉಳಿದದ್ದು ಜೊಳ್ಳಾಯಿತು. ಆ ನಷ್ಟವನ್ನು ತನ್ನ ಕಣಜದಿಂದ ತುಂಬಿಕೊಟ್ಟ, ಇದು ಉಣ್ಣುವುದಕ್ಕೆ, ಬೀಜಕ್ಕಲ್ಲ ಎಂದು ಬಾಯಿಬಿಟ್ಟು ಹೇಳಿಯೇ ಕೊಟ್ಟ. ಮೊದಲು ಬಲಿತ ತೆನೆಗಳಲ್ಲಿ ಒಳ್ಳೆಯವನ್ನು ಅವಳೆದುರಿಗೇ ಆರಿಸಿ ಅವಳ ಬೀಜವನ್ನು ಮತ್ತೆ ಕಟ್ಟಿದ. ಅದು ಮೊದಲಿನಷ್ಟು ಹಸನಾಗಲು ವರ್ಷಗಳೇ ಹಿಡಿದವು.

ಇನ್ನೊಂದು ಕೆಲಸವನ್ನೂ ಮಾಡಿದ. ಬೀಜದ ಕೋಣೆಯಲ್ಲಿದ್ದ ತನ್ನ ಮಡಕೆಗಳನ್ನೆಲ್ಲ ಹೊತ್ತು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ. ಕಾವಲಿಗೆಂದು ಊರವರು ಕೊಡುತ್ತಿದ್ದ ರಾಗಿಯನ್ನೂ ಕೈಗೆ ಬಂದ ದಿನವೇ ಅಟ್ಟಕ್ಕೆ ಏರಿಸುತ್ತಿದ್ದ. ಒಂದು ರಾತ್ರಿಯೂ ಕೋಣೆಯಲ್ಲಿ ಇಡುತ್ತಿರಲಿಲ್ಲ. ಊರಿನವರು ನಕ್ಕರು. “ಏನಪ್ಪಾ, ರಾಗಿಗೂ ಮಡಿ ಮೈಲಿಗೆ ಶುರುವಾಯ್ತಾ?” ಎಂದು ಚೇಷ್ಟೆ ಮಾಡಿದರು. “ನಗ್ರಪ್ಪಾ. ಆ ಕೋಣೇಲಿ ನಂದು ಅಂತ ಒಂದು ಕಾಳಿದ್ರೂ ಎಲ್ಲಾ ನಂದೇ ಅನ್ನಿಸ್ತದೆ. ನಾನು ಆ ಬಾಗ್ಲು ತೆಗೆಯೋವಾಗ ಕಾವಲುಗಾರ ಆಗಿರ್ಬೇಕು, ಯಜಮಾನ ಆಗಿರಬಾರ್ದು” ಎಂದ ರೈತ. ಸಾಯುವವರೆಗೂ ಹಾಗೆಯೇ ನಡೆದುಕೊಂಡ.

ರುದ್ರಾರಾಧ್ಯರು ಕತೆ ನಿಲ್ಲಿಸಿ ನೀರು ಕುಡಿದರು. ಬಟ್ಟೆ ಮಡಚುತ್ತಿದ್ದವರು ಮಡಚುವುದನ್ನು ನಿಲ್ಲಿಸಿದ್ದರು.

ಯತೀಶನಿಗೆ ಮೈ ಉರಿಯಿತು. ಕತೆ ಚೆನ್ನಾಗಿತ್ತು, ಅದೇ ಸಂಕಟ. ಕೋರ್ಟಿನ ಎದುರಿನ ಕೋಣೆಯ ಕಿಟಕಿ, ಅದರ ಮೇಲೆ ಬರೆಸಬೇಕೆಂದಿದ್ದ ತನ್ನ ಹೆಸರು ಕಣ್ಣ ಮುಂದೆ ಬಂದವು. ವಾದದಲ್ಲಿ ಇಷ್ಟು ಸುಲಭವಾಗಿ ಸೋಲುವುದು ಅವನಿಗೆ ಇಷ್ಟವಿರಲಿಲ್ಲ. ಕತೆಯಲ್ಲಿ ಒಂದು ಬಿರುಕನ್ನೂ ಅವನು ಕಂಡುಹಿಡಿದಿದ್ದ.

“ರಾಗಿಯಲ್ಲಿ ತಳಿ ಇದೆ ಗುರುಗಳೇ, ಒಪ್ಪಿದೆ. ಹಣದಲ್ಲಿ ಯಾವ ತಳಿ? ಒಂದು ನೋಟಿನ ಬದಲು ಇನ್ನೊಂದು ನೋಟು ಇಟ್ಟರೆ ಯಾವ ಹೊಲ ಹಾಳಾಗುತ್ತದೆ? ಆಯಮ್ಮನಿಗೆ ಇದರಿಂದ ಒಂದಿಷ್ಟೂ ವ್ಯತ್ಯಾಸವಾಗುವುದಿಲ್ಲ” ಎಂದ.

ಆಯಮ್ಮ ಎಂದದ್ದು ಬಾಯಿಂದ ಹೊರಬಿದ್ದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ರುದ್ರಾರಾಧ್ಯರು ಕನ್ನಡಕ ಹಾಕಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ವ್ಯತ್ಯಾಸವೇ ಆಗದಿದ್ದರೆ ಆಯಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿಬಿಡಪ್ಪ, ನಾವೆಲ್ಲ ಕಾಯುತ್ತೇವೆ.”

ಫೋನು ಯತೀಶನ ಕೈಯಲ್ಲೇ ಇತ್ತು; ಒತ್ತಿಟ್ಟಿದ್ದ ಮುಂಗಡದ ಮೊತ್ತವನ್ನು ಅವನು ಒಂದೊಂದೇ ಅಂಕಿಯಾಗಿ ಅಳಿಸಿದ.