ಹಳೇ ಡಾಂಬರು ಶೀಟಿನ ರಸ್ತೆ

"ಗುರುಗಳೇ, ಒಬ್ಬರಿಗೆ ಮಾಡಿದ ತಪ್ಪು, ಊರಿಗೆಲ್ಲ ಒಳ್ಳೆಯದು ಮಾಡಿದರೆ ತೀರುತ್ತದೆಯೇ?" ಎಂದು ಶಿಷ್ಯ ಕೇಳಿದ. ಅವನು ಊರಿಗೆ ಬಾವಿ ತೋಡಿಸುವ ಹರಕೆ ಹೊತ್ತು ಬಂದಿದ್ದ.

ಗುರುಗಳು ಹೇಳಿದರು:

ಒಬ್ಬ ರಸ್ತೆ ಗುತ್ತಿಗೆದಾರನಿದ್ದ. ಕೆಲಸದಲ್ಲಿ ಗಟ್ಟಿ, ಕಿವಿ ಮಾತ್ರ ಹಿತ್ತಾಳೆ. ಅವನ ಹೆಂಡತಿ ಎದುರಂಗಡಿಯವನ ಮುಂದೆ ನಿಂತು ಬಿದ್ದು ಬಿದ್ದು ನಕ್ಕಳಂತೆ ಎಂದು ಓಣಿಯ ಬಾಯಿಗಳು ಹೇಳಿದವು. ನಕ್ಕದ್ದು ನಿಜ. ಅಂಗಡಿಯವನು ಗಿರಾಕಿಯ ಜೊತೆ ಜಗಳಕ್ಕೆ ನಿಂತಿದ್ದಾಗ ಅವನ ಮೇಕೆ ಅವನದೇ ಪಂಚೆಯನ್ನು ಅರ್ಧ ತಿಂದು ಮುಗಿಸಿತ್ತು. ಯಾರಿಗೆ ನಗು ಬಾರದು? ಆದರೆ ಮೇಕೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಕತೆ ಸಪ್ಪೆಯಾಗುತ್ತಿತ್ತು. ಗುತ್ತಿಗೆದಾರ ಹೆಂಡತಿಯನ್ನು ಉಟ್ಟ ಸೀರೆಯಲ್ಲೇ ತವರಿಗೆ ಅಟ್ಟಿದ.

ವರ್ಷ ಕಳೆದ ಮೇಲೆ ಮೇಕೆಯ ಸುದ್ದಿ ಕಿವಿಗೆ ಬಿತ್ತು. ಅವನಿಗೆ ಅನ್ನ ಸೇರದಾಯಿತು. ಅವಳ ತವರಿಗೆ ಇದ್ದದ್ದು ಕಲ್ಲುಮುಳ್ಳಿನ ದಾರಿ. ಒಳ್ಳೆಯ ರಸ್ತೆ ಹಾಕಿ, ಕಾರಿನಲ್ಲಿ ಕೂರಿಸಿ ಕರೆತರುತ್ತೇನೆ ಎಂದುಕೊಂಡ. ಜನ ತಾರಸಿ ಹಾಕಿಸಿಕೊಂಡು ಸೂರಿನಿಂದ ಕಿತ್ತೆಸೆದಿದ್ದ ಹಳೇ ಡಾಂಬರು ಶೀಟುಗಳನ್ನು ಗಾಡಿಗಟ್ಟಲೆ ತಂದ. ಚೂರು ಮಾಡಿ ಜಲ್ಲಿಯ ಜೊತೆ ಕಾಯಿಸಿದರೆ ಅವು ರಸ್ತೆಗೆ ಒದಗುತ್ತವೆ. ಮೊದಲು ಶೀಟಿನಲ್ಲಿ ಉಳಿದ ಮೊಳೆಗಳನ್ನು ಒಂದೊಂದಾಗಿ ಕೀಳಬೇಕು. ಅದನ್ನು ಅವನು ಯಾರಿಗೂ ಬಿಡಲಿಲ್ಲ. ಬೆರಳು ಒಡೆದು ರಕ್ತ ಬಂದರೂ ತಾನೇ ಕಿತ್ತ. ಅವಳನ್ನು ಆಡಿಕೊಂಡ ಬಾಯಿಗಳೇ "ಎಂಥ ಪಶ್ಚಾತ್ತಾಪ!" ಎಂದು ಲೊಚಗುಟ್ಟಿದವು. ಕೇಳಿ ಅವನಿಗೂ ಹಿತವಾಯಿತು.

ಜಲ್ಲಿ ಹೊರುವ ಮುದುಕಿಯೊಬ್ಬಳು ಮಾತ್ರ, "ಮೊಳೆ ನಾವು ಕೀಳ್ತೀವಿ ಕಣಪ್ಪ. ನೀನು ಎದ್ದು ಹೋಗಿ ಅವಳ ಕಾಲಿಗೆ ಬೀಳು" ಎಂದಳು.

"ರಸ್ತೆ ಮುಗೀಲಿ ಅಜ್ಜಿ. ಬರಿಗೈಲಿ ಯಾವ ಮುಖ ಹೊತ್ತು ಹೋಗಲಿ?"

"ಇರೋದು ಒಂದೇ ಮುಖ ಅಲ್ವೇನೋ!"

ಎರಡು ವರ್ಷಕ್ಕೆ ರಸ್ತೆ ಮುಗಿಯಿತು. ಒಂದು ಮೊಳೆಯೂ ಉಳಿದಿರಲಿಲ್ಲ. ಅವನು ಕಾರಿಗೆ ಹೂವು ಕಟ್ಟಿಸಿ ಹೊರಟ. ರಸ್ತೆಯಾದ ಕಾರಣ ಅಂದೇ ಬೆಳಿಗ್ಗೆ ಅವಳ ಊರಿಗೆ ಮೊದಲ ಬಸ್ಸು ಹೋಗಿತ್ತು. ಈಗ ಎದುರಿನಿಂದ ಬರುತ್ತಿತ್ತು. ಕಿಟಕಿಯಲ್ಲಿ ಅವಳು, ತೊಡೆಯ ಮೇಲೆ ಟ್ರಂಕು. ದೂರದ ಶಾಲೆಯೊಂದರಲ್ಲಿ ಅಡುಗೆ ಕೆಲಸ ಸಿಕ್ಕಿ ಹೊರಟಿದ್ದಳು. ಅವನು ಕಾರಿಳಿದು ಬಸ್ಸಿಗೆ ಕೈ ಅಡ್ಡ ಹಾಕಿದ.

"ಈ ರಸ್ತೆ ಹಾಕಿದ್ದೇ ನಿನಗಾಗಿ" ಎಂದ.

"ಗೊತ್ತು. ಮೂರು ವರ್ಷ ಬಾಗಿಲಲ್ಲಿ ಕೂತು ಆ ಕಲ್ಲುದಾರಿ ನೋಡಿದೆ. ಡಾಂಬರಿನ ವಾಸನೆ ಬಂತು, ನೀವು ಬರಲಿಲ್ಲ" ಎಂದಳು. ಆಮೇಲೆ ಹಿಂದೆ ತಿರುಗಿ, "ರೈಟ್ ಹೇಳಿ ಕಂಡಕ್ಟರೇ" ಎಂದಳು.

ಗುರುಗಳು ಕತೆ ಮುಗಿಸಿದರು.

"ಆದರೂ ರಸ್ತೆಯಿಂದ ಊರಿಗೆ ಒಳ್ಳೆಯದೇ ಆಯಿತಲ್ಲವೇ?" ಎಂದ ಶಿಷ್ಯ.

"ಆಯಿತು. ನೀನು ನೋಯಿಸಿದವರು ಇನ್ನೂ ಅದೇ ಮನೆಯಲ್ಲಿದ್ದಾರೆಯೇ?"